ಕ್ರ್ಯಾಕ್ ಇಲ್ಲದ ಸಾಫ್ಟ್‌ವೇರು

ಬಳ್ಳಾರಿಯಲ್ಲಿ ಒಬ್ಬ ಮನುಷ್ಯನ ತೂಕ ಎಷ್ಟೆಂದು ತಿಳಿಯಲು ಅವನ ಮನೆಗೆ ಹೋಗಬೇಕಿಲ್ಲ, ಸರ್ಕಲ್ಲಿನ ಫ್ಲೆಕ್ಸಿನಲ್ಲಿ ಅವನ ಮುಖ ಎಷ್ಟಗಲ ಇದೆ ನೋಡಿದರೆ ಸಾಕು. ಮೇಲೆ ನಾಯಕರು, ನಡುವೆ ಕೈಮುಗಿದು ನಿಂತ ಹುಟ್ಟುಹಬ್ಬದ ಧಣಿ, ಕೆಳಗೆ ಬಂಗಾರದ ಬಣ್ಣದ ರಿಂಗಿನೊಳಗೆ ಸಾಲಾಗಿ ಕೂತ ‘ಶುಭ ಕೋರುವವರು’. 2016ರಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಚೀಲದ ಜೊತೆಗೆ ಫ್ಲೆಕ್ಸನ್ನೂ ನಿಷೇಧಿಸಿತು. ಆ ಸುದ್ದಿ ಕೆಲವು ಸರ್ಕಲ್ಲುಗಳಿಗೆ ಇನ್ನೂ ಮುಟ್ಟಿದಂತಿಲ್ಲ.

ಈ ಲೋಕದ ಸೃಷ್ಟಿಕರ್ತನ ಹೆಸರು ಫೋಟೋಶಾಪ್ 7. 2002ರಲ್ಲಿ ಬಂದದ್ದು. ಆಮೇಲೆ ಎಷ್ಟೋ ಆವೃತ್ತಿಗಳು ಬಂದವು, ಕಂಪನಿ ತಿಂಗಳ ಬಾಡಿಗೆಗೆ ಇಳಿಯಿತು. ಫ್ಲೆಕ್ಸ್ ಅಂಗಡಿಗಳ ಹಳೇ ಕಂಪ್ಯೂಟರಿನಲ್ಲಿ ಮಾತ್ರ 7 ಇನ್ನೂ ಗಟ್ಟಿಯಾಗಿದೆ. ಅದನ್ನು ದುಡ್ಡು ಕೊಟ್ಟು ತಂದವರನ್ನು ನಾನಂತೂ ಕಂಡಿಲ್ಲ. ಸಿಡಿಯಿಂದ ಪೆನ್‌ಡ್ರೈವಿಗೆ, ಗುರುವಿನಿಂದ ಶಿಷ್ಯನಿಗೆ ಇಳಿದು ಬಂದ ವಿದ್ಯೆ ಅದು.

ಒಗ್ಗಾಣಿ-ಮಿರ್ಚಿ ತಿಂದ ಧೈರ್ಯದಲ್ಲಿ ಒಮ್ಮೆ ಅಂಥದೊಂದು ಅಂಗಡಿಯ ಡಿಸೈನರ್ ಹುಡುಗನಿಗೆ ಹೇಳಿದೆ: “ಗಿಂಪ್ ಅಂತ ಒಂದೈತಪ್ಪ, ಹಾಕ್ಕೊಂಡು ನೋಡು. ಪೂರ್ತಿ ಪುಕ್ಕಟೆ.”

“ಪುಕ್ಕಟೆ ಅಂದ್ರ ಯಾವಾಗ ಕೈ ಕೊಡ್ತೈತೋ ಏನ್ರೀ ಸರ್.”

“ಈಗಿರೋದಕ್ಕೆ ನೀನೇನು ರೊಕ್ಕ ಕೊಟ್ಟೀಯಾ?”

“ಇದು ಪುಕ್ಕಟೆ ಅಲ್ರೀ,” ಎಂದು ಅವನು ನನ್ನ ಅಜ್ಞಾನಕ್ಕೆ ಮರುಗಿದ. “ಇದು ಕ್ರ್ಯಾಕು.”

ನಾನು ನಿರುತ್ತರ. ಯಾರೋ ಪ್ರೀತಿಯಿಂದ ಕೊಟ್ಟದ್ದು ಅಗ್ಗ, ಬೀಗ ಮುರಿದು ತಂದದ್ದು ಮಾತ್ರ ಒಡವೆ! ಬರ್ಕ್ಲಿ ವಿಶ್ವವಿದ್ಯಾಲಯದ ಸ್ಪೆನ್ಸರ್ ಕಿಂಬಾಲ್, ಪೀಟರ್ ಮ್ಯಾಟಿಸ್ ಎಂಬ ಇಬ್ಬರು ಹುಡುಗರು 1995ರಲ್ಲಿ ಗಿಂಪ್ ಬರೆಯಲು ಕೂತಾಗ, ಅದರ ಕೊರಳಿಗೆ ಒಂದು ರೇಟಿನ ಚೀಟಿ ಕಟ್ಟಿ, ಮುರಿಯಲೊಂದು ಬೀಗವನ್ನೂ ಹಾಕಿದ್ದರೆ ಇಷ್ಟು ಹೊತ್ತಿಗೆ ಬಳ್ಳಾರಿ ಗೆದ್ದಿರುತ್ತಿದ್ದರು. ಗಿಂಪ್ ಎಂಬ ಹೆಸರಿನ ತಕರಾರು ಇಂಗ್ಲಿಷಿನವರಿಗೆ ಬಿಟ್ಟದ್ದು. ಅದರಲ್ಲಿ ಅಂಗವಿಕಲರ ಅವಹೇಳನ ಇದೆ ಎಂದು ಮುನಿದ ಕೆಲವರು 2019ರಲ್ಲಿ ‘ಗ್ಲಿಂಪ್ಸ್’ ಎಂದು ಬೇರೆ ಮನೆ ಮಾಡಿ, 2021ರಲ್ಲಿ ಬಾಗಿಲು ಹಾಕಿದರು. ನಮ್ಮಲ್ಲಿ ಹೆಸರು ಏನಿದ್ದರೂ ನಡೆಯುತ್ತದೆ, ರೇಟು ಇರಬೇಕು.

ಹಾಗೆಂದು ಗಿಂಪ್ ಏನು ಸಾಧು ಪ್ರಾಣಿಯಲ್ಲ. ಮೊದಮೊದಲು ಅದು ತೆರೆಯ ಮೇಲೆ ಮೂರು ತುಂಡಾಗಿ ತೆರೆಯುತ್ತಿತ್ತು: ಚಿತ್ರ ಒಂದು ಕಡೆ, ಸಲಕರಣೆ ಇನ್ನೊಂದು ಕಡೆ, ಲೇಯರುಗಳು ಮತ್ತೊಂದು ಕಡೆ, ಪಾಲಾದ ಮನೆಯ ಹಾಗೆ. ಒಂದೇ ಸೂರಿನಡಿ ಬಾಳುವ ಸೌಲಭ್ಯ ಸಿಕ್ಕಿದ್ದು 2012ರ 2.8ರಲ್ಲಿ. ಆ ಸಲವೇ ಹೊಸ ಕಟ್ಟಳೆಯೂ ಬಂತು. ಸೇವ್ ಎಂದರೆ ಅದು ತನ್ನ ಸ್ವಂತ ಎಕ್ಸ್‌ಸಿಎಫ್ ಕಡತವನ್ನಷ್ಟೇ ಕೊಡುತ್ತದೆ. ಜೆಪೆಗ್ ಬೇಕೆಂದರೆ ‘ಎಕ್ಸ್‌ಪೋರ್ಟ್’ ಎನ್ನಬೇಕು. ಹುಟ್ಟುಹಬ್ಬದ ಹಿಂದಿನ ರಾತ್ರಿ ಹನ್ನೊಂದಕ್ಕೆ ಧಣಿಯ ವಾಟ್ಸಾಪಿಗೆ ಎಕ್ಸ್‌ಸಿಎಫ್ ಹೋಗಿ, ಅದು ತೆರೆಯದಿದ್ದರೆ ಆಗುವ ಅನಾಹುತ ಆ ಕಟ್ಟಳೆ ಮಾಡಿದವರಿಗೆ ಹೇಗೆ ತಿಳಿಯಬೇಕು?

ಆದರೂ ಕನ್ನಡದ ವಿಷಯದಲ್ಲಿ ನಾನು ಅದರ ಪಕ್ಷ. ಕುರುಗೋಡಿನ ದೊಡ್ಡಬಸವೇಶ್ವರ ಜಾತ್ರೆಯ ಬ್ಯಾನರಿಗೆ ಭಕ್ತರು ಮೊಬೈಲಿನಲ್ಲಿ ಮ್ಯಾಟರ್ ಕಳಿಸುತ್ತಾರೆ. ಅದು ಯೂನಿಕೋಡ್. 7ರಲ್ಲಿ ಪೇಸ್ಟ್ ಮಾಡಿದರೆ ‘ಶ್ರೀ’ಯ ಶ ಒಂದು ಕಡೆ, ರ ಇನ್ನೊಂದು ಕಡೆ, ‘ದೊಡ್ಡ’ದ ಒತ್ತು ಕೆಳಗಿಳಿಯಲು ಒಪ್ಪದೆ ಪಕ್ಕದಲ್ಲೇ ಸೆಟೆದು ನಿಲ್ಲುತ್ತದೆ. ಅದಕ್ಕೇ ಹುಡುಗ ಎಲ್ಲವನ್ನೂ ‘ನುಡಿ’ ತಂತ್ರಾಂಶದ ಹಳೇ ಫಾಂಟಿನಲ್ಲಿ ಮತ್ತೆ ಕುಟ್ಟುತ್ತಾನೆ. ಕುಟ್ಟುವಾಗ ‘ಹಾರ್ದಿಕ ಸ್ವಾಗತ’ದ ಹಕಾರ ಹಾರಿ ‘ಆರ್ದಿಕ’ವಾಗುತ್ತದೆ. ಅದೇ ಮ್ಯಾಟರ್ ಗಿಂಪಿಗೆ ಹಾಕಿದರೆ ಒತ್ತು, ದೀರ್ಘ, ಅರ್ಕಾವತ್ತು ಎಲ್ಲ ಜಾಗಕ್ಕೆ ಬಂದು ಕೂರುತ್ತವೆ.

ಇದನ್ನು ಮಾಡಿ ತೋರಿಸಿದೆ. ಹುಡುಗ ತಲೆದೂಗಿದ. “ಅಕ್ಷರ ಚಲೋ ಬಂತ್ರೀ ಸರ್. ಈಗ ಒಂದು ರೌಂಡ್ ಹಾಕ್ರಿ.”

ಅಲ್ಲಿಗೆ ಬಂತು ಕುತ್ತು. ಗಿಂಪಿನ ಪೆಟ್ಟಿಗೆಯಲ್ಲಿ ರೌಂಡು ಸುಲಭಕ್ಕೆ ಸಿಗುವುದಿಲ್ಲ. ಮೊದಲು ಎಲಿಪ್ಸ್ ಆಯ್ಕೆ ಎಳೆಯಬೇಕು, ಅದು ಕೋಳಿಮೊಟ್ಟೆಯಾಗದಂತೆ ಶಿಫ್ಟ್ ಒತ್ತಿರಬೇಕು, ಆಮೇಲೆ ಮೆನುವಿಗೆ ಹೋಗಿ ಅಂಚಿಗೆ ಗೆರೆ ಬಳಿಯಲು ಬೇಡಿಕೊಳ್ಳಬೇಕು. ಶುಭ ಕೋರುವವರು ಮೂವತ್ತು ಮಂದಿ ಇದ್ದಾಗ ಈ ಬೇಡಿಕೆಯೂ ಮೂವತ್ತು ಸಲ. ಹುಡುಗ ಏನೂ ಅನ್ನಲಿಲ್ಲ, ಚಹಾ ತರಿಸಿದ.

ಸಿರುಗುಪ್ಪದಲ್ಲಿರುವ ನನ್ನ ಅಕ್ಕನ ಮಗ ಮಾತ್ರ ಬುದ್ಧಿವಂತ. ಅಕ್ಕಿ ಮಿಲ್ಲಿನ ಚೀಲಕ್ಕೆ ಗಿಳಿ, ಆನೆ, ಭತ್ತದ ತೆನೆ ಬಿಡಿಸುವ ಸಣ್ಣ ಅಂಗಡಿ ಅವನದು. ಗಿಂಪನ್ನು ಫೋಟೋಶಾಪಿನ ವೇಷಕ್ಕೆ ತರುವ ಫೋಟೋಗಿಂಪ್ ಎಂಬುದೊಂದನ್ನು ಅವನು ಹಾಕಿಕೊಂಡಿದ್ದಾನೆ. ಸಲಕರಣೆಗಳ ಜಾಗ, ಶಾರ್ಟ್‌ಕಟ್ ಕೀ ಎಲ್ಲ ಹಳೇ ರೂಢಿಯಂತೆ. ಯಾರಿಗೂ ಏನೂ ಹೇಳಿಲ್ಲ.

ಮೊನ್ನೆ ನಾನಲ್ಲಿ ಕೂತಿದ್ದಾಗ ಪಕ್ಕದ ಸ್ಟುಡಿಯೋದ ಹಿರಿಯರು ಬಂದು ಬಗ್ಗಿ ನೋಡಿದರು. ಅವನು ತೆಲುಗಿನ ಮ್ಯಾಟರ್ ಒಂದನ್ನು ಸಲೀಸಾಗಿ ಕೂರಿಸುತ್ತಿದ್ದ.

“ಹೊಸ ವರ್ಷನ್ ಏನಪಾ?”

“ಹೂನ್ರೀ ಕಾಕಾ.”

“ಭಾರಿ ಐತಲ್ಲೋ. ಎಲ್ಲಿ ಸಿಕ್ತು ಕ್ರ್ಯಾಕು?”

ಅಳಿಯ ನನ್ನತ್ತ ನೋಡಿದ. ನಾನು ತಲೆಯಾಡಿಸಿದೆ.

“ಹೈದರಾಬಾದಿಂದ ತರಿಸೀನ್ರೀ,” ಎಂದ. “ಯಾರಿಗೂ ಹೇಳಬ್ಯಾಡ್ರಿ.”

ಹಿರಿಯರು ಹಿಂದೆ ಮುಂದೆ ನೋಡಿ, ಜೇಬಿನಿಂದ ಪೆನ್‌ಡ್ರೈವ್ ತೆಗೆದು ಮೇಜಿನ ಮೇಲಿಟ್ಟರು.