ಎಂಬತ್ತೇಳರಲ್ಲಿ ಒಂದು ಪಾಲು ಹುಣಸೆಮರ

ವಿರೂಪಾಕ್ಷಿಪುರಕ್ಕೆ ರೈಲಿಲ್ಲ. ರೈಲು ಹತ್ತೋರು ಚನ್ನಪಟ್ಟಣಕ್ಕೇ ಹೋಗಬೇಕು. ಆದರೆ ನಮ್ಮ ಪಕ್ಕದ ಮನೆ ರಿಟೈರ್ಡ್ ಮೇಷ್ಟ್ರ ಪಡಸಾಲೆಯಿಂದ ದಿನಾ ಸಂಜೆ ಒಂದು ರೈಲು ಹೊರಡುತ್ತದೆ, ಸುತ್ತು ಹಾಕಿ ಅಲ್ಲಿಗೇ ವಾಪಸು ಬರುತ್ತದೆ. ಮಗ ಜರ್ಮನಿಯಿಂದ ಬರುವಾಗ ಮೊಮ್ಮಗನಿಗೆಂದು ತಂದದ್ದು. ಮೊಮ್ಮಗ ಎರಡು ದಿನ ಆಡಿ ಮೊಬೈಲಿಗೆ ಮರಳಿದ; ತಾತ ಹಿಡಿದದ್ದು ಬಿಡಲಿಲ್ಲ. ಹಳೇ ಮನೆ ಕೆಡವಿದಾಗ ಉಳಿದಿದ್ದ ಬಾಗಿಲೊಂದನ್ನು ಬೆಂಚುಗಳ ಮೇಲೆ ಮಲಗಿಸಿ, ಅದರ ಮೇಲೆ ಹಳಿ ಜೋಡಿಸಿ, ‘ಈ ಸಲ ದಸರಾ ಗೊಂಬೆ ಜೊತೆ ಚನ್ನಪಟ್ಟಣದ ಸ್ಟೇಷನ್ನನ್ನೇ ಕೂರಿಸ್ತೀನಿ’ ಅಂತ ಮನೆಯಾಕೆಗೆ ಮಾತು ಕೊಟ್ಟುಬಿಟ್ಟಿದ್ದಾರೆ.

ಗೊಂಬೆ ಕೂರಿಸುವ ಮನೆಗಳಲ್ಲಿ ಪಾರ್ಕು ಮಾಡುವುದು ಹೊಸದೇನಲ್ಲ. ಪಟ್ಟದ ಗೊಂಬೆ ಮೇಲಿನ ಮೆಟ್ಟಿಲಲ್ಲಿ. ಕೆಳಗೆ ನೆಲದ ಮೇಲೆ ಮಣ್ಣು ಹರಡಿ ರಾಗಿ ಚೆಲ್ಲಿದರೆ ಹೊಲ, ಕನ್ನಡಿ ಇಟ್ಟರೆ ಕೆರೆ, ಕೀ ಕೊಟ್ಟರೆ ಓಡುವ ರೈಲು. ಮೈಸೂರು ಸೀಮೆಯಲ್ಲಿ ಎಷ್ಟು ಮಕ್ಕಳು ಇದನ್ನು ಮಾಡಿ ದೊಡ್ಡವರಾಗಿದ್ದಾರೋ! ಅವರಲ್ಲಿ ಯಾರೂ ಮರದ ಬಗ್ಗೆ ತಲೆ ಕೆಡಿಸಿಕೊಂಡವರಲ್ಲ. ಹಿತ್ತಲ ಕ್ರೋಟನ್ನಿನ ಒಂದು ಕೊಂಬೆ ಚುಚ್ಚಿದರೆ ಮರ, ಅದು ಬಾಡಿದರೆ ಇನ್ನೊಂದು. ಮೇಷ್ಟ್ರಿಗೆ ಅದು ಆಗದು. ಅವರಿಗೆ ನಿಜದಂಥ ಮರ ಬೇಕು. ನಿಜದ ಮರದ ಬಗ್ಗೆ ಕೇಳೋಕೆ ಬೇಲಿ ಈಚೆ ನಾನಿದ್ದೇನೆ, ನಾಲ್ಕು ತೆಂಗು, ಎಂಟು ಮಾವು, ಒಂದಿಷ್ಟು ಹಿಪ್ಪುನೇರಳೆ ಇಟ್ಟುಕೊಂಡವನು.

‘ಗೌಡ್ರೇ, ಇದು ನೋಡಿ ಹೆಂಗಿದೆ?’ ಅಂತ ಮೊದಲ ದಿನ ಬೇಲಿ ಮೇಲಿಂದ ಚಾಚಿದ್ದು ಡಬ್ಬಿಯಲ್ಲೇ ಬಂದಿದ್ದ ಮರ. ನೋಖ್, ಫಾಲರ್ ಅಂತ ಜರ್ಮನಿಯಲ್ಲಿ ಆಟದ ರೈಲಿಗೆ ಮರ ಮಾಡೋ ಕಂಪನಿಗಳೇ ಇವೆಯಂತೆ. ಮರವೇನೋ ಚೆನ್ನಾಗಿತ್ತು, ಮೊನಚು ತುದಿ, ಒತ್ತೊತ್ತಾಗಿ ಇಳಿದ ಸೊಪ್ಪು.

‘ಚೆನ್ನಾಗದೆ ಮೇಷ್ಟ್ರೇ. ಆದ್ರೆ ಇದರ ಪಕ್ಕ ಸ್ಟೇಷನ್ ಇಟ್ರೆ ಚನ್ನಪಟ್ಟಣ ಅಂತ ಬೋರ್ಡು ಬರೀಬೇಕಾಯ್ತದೆ’ ಅಂದೆ.

ಅದು ಅವರಿಗೆ ನಾಟಿತು. ಯಾಕೆಂದರೆ ಅವರ ರೈಲಿನಲ್ಲಿ ನಮ್ಮೂರಿನದು ಅನ್ನುವಂಥದ್ದು ಬೇರೆ ಏನೂ ಇಲ್ಲ. ಅವರೇ ಲೆಕ್ಕ ಹೇಳಿದರು. ಎಚ್‌ಒ ಅನ್ನೋ ಅಳತೆ, ನಿಜದ 87 ಅಡಿ ಅಲ್ಲಿ ಒಂದು ಅಡಿ. ಹಳಿಯ ಅಗಲ 16.5 ಮಿಲಿಮೀಟರು, ಯುರೋಪಿನ 1,435 ಮಿಲಿಮೀಟರಿನ ಹಳಿಗೆ ಅದು ತಾಳೆಯಾಗುತ್ತದೆ. ನಮ್ಮ ಬ್ರಾಡ್‌ಗೇಜು 1,676. ಅದಕ್ಕೆ ಹತ್ತೊಂಬತ್ತು ದಾಟಬೇಕು. 1882ರಲ್ಲಿ ಮೈಸೂರು ಮುಟ್ಟಿದ ಹಳೇ ಮೀಟರ್‌ಗೇಜಿಗಾದರೆ ಹನ್ನೊಂದೂವರೆ ಸಾಕು. ಅಲ್ಲಿಗೆ ಇವರ ರೈಲು ಅಂದಿಗೂ ಇಂದಿಗೂ ಚನ್ನಪಟ್ಟಣದ ಮೇಲೆ ಹಾಯುವಂತಿಲ್ಲ. ಹಳಿ ಸುಳ್ಳು, ಇಂಜಿನ್ನು ಪರದೇಶಿ. ಇದು ನಮ್ಮ ಸೀಮೆ ಅಂತ ಸಾಕ್ಷಿ ಹೇಳಬೇಕಾದರೆ ಮರಗಳೇ ಹೇಳಬೇಕು.

ಮರುದಿನ ಮೇಷ್ಟ್ರು ಪೇಟೆಗೆ ಹೋಗಿ ಚನ್ನಪಟ್ಟಣದ ಗೊಂಬೆ ಮರಗಳನ್ನೇ ತಂದರು. ಅವು ನನಗೆ ಬಲು ಇಷ್ಟ. ಆಲೆ ಮರದ ತುಂಡನ್ನು ಲೇತಿಗೆ ಸಿಕ್ಕಿಸಿ ತಿರುಗಿಸುತ್ತಾ ಉಳಿ ಕೊಟ್ಟರೆ ಬೆಣ್ಣೆಯಂತೆ ಸುಲಿದು ಬರುತ್ತದೆ. ತಿರುಗುವಾಗಲೇ ಅರಗಿನ ಕಡ್ಡಿ ಒತ್ತಿದರೆ ಉಜ್ಜುವ ಬಿಸಿಗೇ ಅರಗು ಕರಗಿ ಬಣ್ಣ ಹಿಡಿಯುತ್ತದೆ, ಆಮೇಲೆ ಗರಿಯಲ್ಲಿ ಉಜ್ಜಿದರೆ ಹೊಳಪು. ಮಗು ಬಾಯಿಗಿಟ್ಟರೂ ಹೆದರಿಕೆಯಿಲ್ಲ. ಆದರೆ ಲೇತಿಗೆ ಬರುವುದು ದುಂಡಗೆ ಒಂದೇ. ಆ ಹಸಿರು ಬುಗುರಿ ಮರಗಳು ಹಳಿಯ ಪಕ್ಕ ಸಾಲಾಗಿ ನಿಂತಾಗ ಕವಾಯತಿಗೆ ನಿಂತಂತಿದ್ದವು. ಗೊಂಬೆಯಾಗಿ ಅದಕ್ಕೆ ಸಾಟಿಯಿಲ್ಲ. ಹುಣಸೆಮರ ಆಗು ಅಂದರೆ ಪಾಪ ಅದು ಎಲ್ಲಿಂದ ಆಗಬೇಕು? ಅವನ್ನು ಮೊಮ್ಮಗಳು ಎತ್ತಿಕೊಂಡು ಹೋದಳು. ಆದರೆ ಆ ಅಂಗಡಿಯಿಂದ ಮೇಷ್ಟ್ರು ಇನ್ನೊಂದು ವಸ್ತು ತಂದಿದ್ದರು, ಒಂದು ಚೀಲ ಆಲೆ ಮರದ ಹೊಟ್ಟು. ಬೆಳ್ಳಗೆ, ನಯವಾಗಿ, ಯಾವ ಬಣ್ಣ ಹಾಕಿದರೂ ಕುಡಿಯುವಂಥದ್ದು. ಎಲೆಯ ಕೆಲಸಕ್ಕೆ ಕೊನೆಗೆ ಒದಗಿದ್ದು ಅದೇ.

ಅಷ್ಟರಲ್ಲಿ ಮನೆಯಾಕೆ ಪದ್ಧತಿಯಂತೆ ರಾಗಿ ಚೆಲ್ಲಿ ಪೈರು ಬರಿಸಿದ್ದರು. ಎರಡು ಇಂಚು ಬೆಳೆದಿತ್ತು. ಮೇಷ್ಟ್ರು ಸ್ಕೇಲು ಹಿಡಿದು, ‘ಇದು ಹದಿನಾಲ್ಕೂವರೆ ಅಡಿ ಆಯ್ತು ಕಣೇ’ ಅಂದರು. ನನಗೆ ನಗು ತಡೆಯಲಾಗಲಿಲ್ಲ. ತೆಂಗಿನಕಲ್ಲು, ಕಬ್ಬಾಳು ಕಾಡಿನ ಕಡೆಯಿಂದ ಬರೋ ಆನೆಗಳು ನಮ್ಮ ರಾಗಿಗೆ ನುಗ್ಗಿದರೆ ಬೆನ್ನಾದರೂ ಕಾಣುತ್ತದೆ, ಈ ರಾಗಿಯಲ್ಲಿ ಹಿಂಡೇ ಅಡಗಿ ಕೂರಬಹುದು. ಅವರಾಕೆ ಮಾತ್ರ ಸೋಲಲಿಲ್ಲ: ‘ರಾಗಿ ಇಲ್ಲದ ಗೊಂಬೆ ಹಬ್ಬ ಉಂಟೇನ್ರಿ?’ ಪೈರು ಉಳಿಯಿತು, ಹಳಿಯಿಂದ ಸ್ವಲ್ಪ ದೂರಕ್ಕೆ ಸರಿಯಿತು.

ಈ ಅಳತೆಯ ಹುಚ್ಚು ಮೇಷ್ಟ್ರನ್ನು ಕೇತೋಹಳ್ಳಿವರೆಗೂ ಒಯ್ದಿತು. ಅಲ್ಲಿಯ ದೊಡ್ಡಾಲದಮರ ಒಂದನ್ನು ಮಾಡಿ ಮೂಲೆಗೆ ಇಟ್ಟರೆ ಹೇಗೆ? ಮೂರು ಎಕರೆ ಹರಡಿರೋ ಮರ. ಉದ್ದಕ್ಕೂ ಅಗಲಕ್ಕೂ 87ರಿಂದ ಭಾಗಿಸಿದರೂ ಹತ್ತಿರ ಹತ್ತಿರ ಹದಿನೇಳು ಚದರಡಿ ಬರುತ್ತದೆ. ಬಾಗಿಲೇ ಇರುವುದು ಇಪ್ಪತ್ತು ಚದರಡಿಗೆ ಸ್ವಲ್ಪ ಕಮ್ಮಿ. ರೈಲು ಪೂರ್ತಿ ಆಲದ ಬಿಳಲೊಳಗೇ ಓಡಬೇಕಾಗುತ್ತಿತ್ತು. ನಾನೇನೋ ಅದೂ ಚೆನ್ನಾಗಿರ್ತದೆ ಅಂದೆ, ಅವರು ಒಪ್ಪಲಿಲ್ಲ.

ಕೊನೆಗೆ ನಿಜವಾದ ಮರದ ಕೆಲಸ ಶುರುವಾದದ್ದು ನನ್ನ ಸುಟ್ಟುಹೋದ ಪಂಪ್‌ಸೆಟ್ಟಿನ ಕೇಬಲ್ಲಿಂದ. ರಬ್ಬರು ಸುಲಿದರೆ ಒಳಗೆ ಕೂದಲಿನಂಥ ತಾಮ್ರದ ಎಳೆಗಳು. ಅರವತ್ತು ಎಳೆಗಳನ್ನು ಒಂದು ಗೇಣು ಉದ್ದಕ್ಕೆ ಕತ್ತರಿಸಿ ಒಟ್ಟಾಗಿ ಹಿಡಿಯಬೇಕು. ಬುಡದಲ್ಲಿ ಒಂದು ಇಂಚು ಬಿಡಬೇಕು, ಅದು ಬೇರು. ಅಲ್ಲಿಂದ ಮೇಲೆ ಬಿಗಿಯಾಗಿ ಹುರಿ ಮಾಡುತ್ತಾ ಹೋದರೆ ಕಾಂಡ. ಎರಡು ಇಂಚಿಗೆ ನಿಲ್ಲಿಸಿ ಎಳೆಗಳನ್ನು ಎರಡು ಪಾಲು ಮಾಡಬೇಕು. ಮೇಷ್ಟ್ರು ಮೊದಲು ಮೂವತ್ತು ಮೂವತ್ತು ಅಂತ ನ್ಯಾಯವಾಗಿ ಹಂಚಿದರು. ‘ಅಣ್ಣತಮ್ಮಂದಿರ ಪಾಲಾ ಇದು? ಮರ ಹಂಗೆ ಹಂಚಲ್ಲ. ಒಂದಕ್ಕೆ ನಲವತ್ತು ಕೊಡಿ, ಇನ್ನೊಂದಕ್ಕೆ ಇಪ್ಪತ್ತು’ ಅಂದೆ. ನಲವತ್ತರದ್ದು ಮತ್ತೆ ಇಪ್ಪತ್ತೈದು, ಹದಿನೈದಾಗಿ ಒಡೆಯಿತು, ಹದಿನೈದರದ್ದು ಮತ್ತೆ ಒಡೆಯಿತು, ತುದಿಗೆ ಬರುವಾಗ ಒಂದೊಂದೇ ಎಳೆ. ಬೆರಳಲ್ಲಿ ಅಲ್ಲಲ್ಲಿ ಬಗ್ಗಿಸಿ ಬೆಳಕಿಗೆ ಹಿಡಿದಾಗ ಒಂದೂ ಎಲೆಯಿಲ್ಲದಿದ್ದರೂ ಅದು ಮರವೇ.

ಇದರಲ್ಲಿ ಒಂದು ಗುಟ್ಟಿದೆ ಅಂತ ಮೇಷ್ಟ್ರು ಪಾಠಕ್ಕೆ ನಿಂತರು. ಲಿಯೊನಾರ್ಡೊ ಡ ವಿಂಚಿ ಐನೂರು ವರ್ಷದ ಹಿಂದೆಯೇ ಬರೆದಿಟ್ಟಿದ್ದಾನಂತೆ: ಮರದ ಯಾವ ಎತ್ತರದಲ್ಲಾದರೂ ಕೊಂಬೆಗಳನ್ನೆಲ್ಲ ಒಟ್ಟು ಕಟ್ಟಿದರೆ ಕಾಂಡದಷ್ಟೇ ದಪ್ಪ ಬರುತ್ತದೆ. ತಂತಿಯ ಮರದಲ್ಲಿ ಅದು ತಾನಾಗಿಯೇ ಆಗುತ್ತದೆ. ಬುಡದ ಅರವತ್ತು ಎಳೆ ತುದಿಯಲ್ಲೂ ಅರವತ್ತೇ, ಎಲ್ಲೂ ಹೋಗಲಿಲ್ಲ, ಎಲ್ಲಿಂದಲೂ ಬರಲಿಲ್ಲ. ಕಡ್ಡಿಗೆ ಕಡ್ಡಿ ಅಂಟಿಸಿ ಮಾಡಿದ ಮರ ಕಣ್ಣಿಗೆ ಒಗ್ಗದೇ ಇರುವುದಕ್ಕೆ ಇದೇ ಕಾರಣ ಇರಬೇಕು. ಏಳು ಇಂಚಿನ ಆ ಮರ ಲೆಕ್ಕದಲ್ಲಿ ಐವತ್ತು ಅಡಿ, ನಮ್ಮ ಕೊಟ್ಟಿಗೆ ಹಿಂದಿನ ಹುಣಸೆಯಷ್ಟು.

ಆಮೇಲೆ ಮೈ. ಫೆವಿಕಾಲಿಗೆ ಹೊಟ್ಟು ಕಲಸಿ ಕಾಂಡಕ್ಕೆ ಮೆತ್ತಿ, ಅರ್ಧ ಒಣಗಿದಾಗ ಗುಂಡುಪಿನ್ನಿನಿಂದ ಉದ್ದಕ್ಕೆ ಗೀರಿದರೆ ತೊಗಟೆ. ಬಣ್ಣದ ಡಬ್ಬಿ ತೆಗೆದಾಗ ಮೇಷ್ಟ್ರ ಕೈ ನೇರ ಕಂದು ಬಣ್ಣಕ್ಕೆ ಹೋಯಿತು. ಸ್ಕೂಲಲ್ಲಿ ಮಕ್ಕಳಿಗೆ ಮರ ಬರೆಸಿ ಬರೆಸಿ ಅಭ್ಯಾಸ! ಬೇಲಿಯಾಚೆ ನೋಡಿ ಅಂದೆ. ಮಾವು ಬೂದಿ ಬಣ್ಣ, ಹುಣಸೆ ಕರಿಬೂದಿ, ನೀಲಗಿರಿ ಸುಲಿದ ಕಡೆ ಬಿಳುಪು. ಕಂದು ಕಾಂಡದ ಮರ ನಮ್ಮ ಹಿತ್ತಲಲ್ಲಿ ಹುಡುಕಿದರೂ ಸಿಗಲಿಲ್ಲ. ಒಲೆ ಬೂದಿಗೆ ಚೂರು ಕಪ್ಪು ಬೆರೆಸಿ ಬಳಿದ ಮೇಲೆ ಸರಿಹೋಯಿತು.

ಎಲೆಗೆ ಹೊಟ್ಟನ್ನು ಬಣ್ಣದ ನೀರಲ್ಲಿ ನೆನೆಸಿ ಒಣಗಿಸಿ ಜರಡಿ ಹಿಡಿಯಬೇಕು. ಸಣ್ಣದು ಹುಣಸೆಗೆ, ದಪ್ಪದ್ದು ಮಾವಿಗೆ. ಪಾತ್ರೆ ತಿಕ್ಕುವ ಹಸಿರು ನಾರನ್ನು ಪಿಂಜಿ ತೆಳ್ಳಗೆ ಮಾಡಿ ಕೊಂಬೆಗಳ ಮೇಲೆ ಹೊದಿಸಿ, ನೀರು ಬೆರೆಸಿದ ಫೆವಿಕಾಲಿಗೆ ಒಂದು ತೊಟ್ಟು ಪಾತ್ರೆ ಸೋಪು ಹಾಕಿ ಚಿಮುಕಿಸಿ, ಮೇಲಿಂದ ಹೊಟ್ಟು ಉದುರಿಸಬೇಕು. ಸೋಪು ಯಾಕೆಂದರೆ ಇಲ್ಲದಿದ್ದರೆ ನೀರು ಹನಿಹನಿಯಾಗಿ ನಿಲ್ಲುತ್ತದೆ, ಒಳಗೆ ಇಳಿಯುವುದಿಲ್ಲ. ಎಲ್ಲಕ್ಕಿಂತ ಕಷ್ಟ ಕೈ ತಡೆಯುವುದು. ಮೇಷ್ಟ್ರದು ಧಾರಾಳ ಕೈ, ಉದುರಿಸಿದ್ದೇ ಉದುರಿಸಿದ್ದು, ಮರ ಹೂಕೋಸಾಯಿತು. ಕೊಂಬೆಗಳ ಸಂದಿಯಲ್ಲಿ ಆಕಾಶ ಕಾಣಬೇಕು, ಹಕ್ಕಿ ತೂರಿ ಹೋಗುವಷ್ಟಾದರೂ. ಚಿಮುಟದಲ್ಲಿ ಅಲ್ಲಲ್ಲಿ ಕಿತ್ತ ಮೇಲೆ ಹುಣಸೆಗೆ ಉಸಿರು ಬಂತು.

ದೂರದ ಸಾಲಿಗೆ ಇಷ್ಟೆಲ್ಲ ಬೇಡ. ಒಣಗಿದ ಕಾಂಗ್ರೆಸ್ ಗಿಡವೇ ಸಾಕು. ನಮ್ಮ ಹೊಲ ಹಾಳು ಮಾಡಿದ್ದಕ್ಕೆ ಅದು ಇಷ್ಟಾದರೂ ಉಪಕಾರ ಮಾಡಲಿ. ಕವಲು ಕವಲಾಗಿ ಎಷ್ಟು ನಾಜೂಕು! ಆದರೆ ಒಣಗಿದ್ದರೂ ಕೆಲವರಿಗೆ ಮೈ ಕೆರೆತ, ಸೀನು. ಮೂಗಿಗೆ ಬಟ್ಟೆ ಕಟ್ಟಿ ಮುಟ್ಟಬೇಕು. ಹಿನ್ನೆಲೆಯಲ್ಲಿ ರಾಮನಗರದ ಬೆಟ್ಟ ಬರೆದಿದ್ದಾರೆ, ಅದರ ಕೆಳಗೆ ಷೋಲೆಯ ಡಕಾಯಿತರನ್ನು ಕುದುರೆ ಮೇಲೆ ಇಡಬೇಕೆಂದು ಮೊಮ್ಮಗನ ಹಟ. ಷೋಲೆಯ ಬಂಡೆಗಳು ನಮ್ಮವೇ ಸರಿ, ರೈಲು ದರೋಡೆ ತೆಗೆದದ್ದು ಮುಂಬೈ ಕಡೆ ಪನ್ವೇಲ್ ಹತ್ತಿರ ಅಂತ ಮೇಷ್ಟ್ರು ಎಷ್ಟು ಹೇಳಿದರೂ ಹುಡುಗ ಕೇಳಲೊಲ್ಲ.

ಸ್ಟೇಷನ್ ಮುಂದೆ ಗುಲ್‌ಮೊಹರ್ ನಿಲ್ಲಿಸಿ, ಹೊಟ್ಟಿಗೆ ಕೆಂಪು ಹಾಕಿ ಹೂ ಬಿಡಿಸಿದ್ದರು. ನೋಡೋಕೆ ಚೆಂದವೇ. ‘ಹಿಂದೆ ಹೊಲದಲ್ಲಿ ರಾಗಿ ಪೈರು ನಿಂತದೆ, ಮುಂದೆ ಗುಲ್‌ಮೊಹರ್ ಹೂ ಬಿಟ್ಟದೆ. ಯಾವ ತಿಂಗಳು ಮೇಷ್ಟ್ರೇ ಇದು?’ ಅಂದೆ. ಆ ಹೂವು ಬೇಸಿಗೆಯದು, ನಮ್ಮ ರಾಗಿ ಪೈರು ಮಳೆಗಾಲದ್ದು. ಅವರು ಸುಮ್ಮನೆ ಗುಲ್‌ಮೊಹರ್ ಕಿತ್ತು ಮಳೆಮರ ಇಟ್ಟರು. ಮಳೆಮರ ಎತ್ತರಕ್ಕಿಂತ ಅಗಲ, ಕೊಡೆ ಬಿಚ್ಚಿದ ಹಾಗೆ ಹರಡುವುದು. ದಕ್ಷಿಣ ಅಮೆರಿಕದಿಂದ ಬಂದದ್ದಾದರೂ ನಮ್ಮ ಸ್ಟೇಷನ್ನು, ಕಚೇರಿ, ಸ್ಕೂಲುಗಳಿಗೆ ನೆರಳು ಅಂದರೆ ಅದೇ.

ಇಷ್ಟಾದರೂ ಏನೋ ಕೊರೆ. ಮರಗಳೆಲ್ಲ ಸರಿಯಾಗಿವೆ, ಆದರೆ ಎಲ್ಲವೂ ಮದುವೆಗೆ ಹೊರಟಂತೆ. ನಮ್ಮ ಕಡೆ ಯಾರ ಕೈಯೂ ಬೀಳದ ಮರ ಎಲ್ಲಿದೆ? ಬೇವಿಗೆ, ಹಲಸಿಗೆ ಮೇಕೆಗೆಂದು ಸೊಪ್ಪು ಸವರಿದ ಗಾಯ. ಹೊಂಗೆ ಗೊಬ್ಬರಕ್ಕೆ ಬೋಳು. ಹಳಿ ಪಕ್ಕದ್ದಕ್ಕೆ ಕರೆಂಟು ತಂತಿಗೆ ತಾಗದಿರಲೆಂದು ಒಂದೇ ಕಡೆ ಕತ್ತರಿ. ರಸ್ತೆ ಬದಿ ಆಲದ್ದಂತೂ ನೋಡಬೇಕು. ರಸ್ತೆ ಮೇಲೆ ಇಳಿಯುವ ಬಿಳಲು ಲಾರಿಗೆ ಬಡಿದು ಬಡಿದು ಒಂದೇ ಮಟ್ಟಕ್ಕೆ ನಿಲ್ಲುತ್ತದೆ, ಹೊಲದ ಕಡೆಯದು ಮಾತ್ರ ನೆಲ ಮುಟ್ಟಿ ಕಂಬವಾಗುತ್ತದೆ. ಮಾಗಡಿ ಕಡೆ ಹುಲಿಕಲ್ಲು, ಕುದೂರು ರಸ್ತೆಗೆ ಹೋಗಿ ಬನ್ನಿ ಅಂತ ಮೇಷ್ಟ್ರಿಗೆ ಹೇಳಿದೆ. ಸಾಲುಮರದ ತಿಮ್ಮಕ್ಕ, ಅವರ ಯಜಮಾನ ಚಿಕ್ಕಯ್ಯ ನೀರು ಹೊತ್ತು ಬೆಳೆಸಿದ ಆಲಗಳು. ಆ ಸಾಲು ನೋಡಿ ಬಂದವನಿಗೆ ಆಲ ಮಾಡೋದು ಬೇರೆ ಯಾರೂ ಕಲಿಸಬೇಕಾಗಿಲ್ಲ. ಮೇಷ್ಟ್ರು ಹೋಗಿ ಬಂದರು. ಗೋಣಿ ನಾರಿನ ಬಿಳಲು ಬಿಟ್ಟು, ರಸ್ತೆ ಮೇಲಿನದನ್ನು ಕತ್ತರಿಯಿಂದ ಸಮ ಮಾಡಿದರು. ಬೇವಿನ ಎರಡು ಕೊಂಬೆ ಮೊಟಕು ಮಾಡಿ, ಕತ್ತರಿಸಿದ ತುದಿಗೆ ಬೆಳ್ಳಗೆ ಚುಕ್ಕೆ ಇಟ್ಟರು. ನನ್ನ ಮಟ್ಟಿಗೆ ಆ ಬೇವೇ ಇಡೀ ಬಾಗಿಲಲ್ಲಿ ಒಳ್ಳೇ ಮರ. ಪುಣೆಯಲ್ಲಿ ಜೋಶಿಯವರ ಪುಟ್ಟ ರೈಲುಗಳ ಮ್ಯೂಸಿಯಂ 1998ರಿಂದ ಇದೆಯಂತೆ. ಅಲ್ಲಿಗೆ ಹೋದರೆ ನಾನು ಮೊದಲು ನೋಡೋದು ಇಂಜಿನ್ನಲ್ಲ, ಮೇಕೆಗೆ ಸವರಿದ ಬೇವು ಇದೆಯೋ ಇಲ್ಲವೋ ಅಂತ.

ಈಗ ಉಳಿದಿರುವುದು ತೆಂಗು. ಚನ್ನಪಟ್ಟಣ ಅಂದಮೇಲೆ ತೆಂಗಿಲ್ಲದೆ ಆಗುತ್ತದೆಯೆ? ಕಾಂಡ ಸುಲಭ: ದಪ್ಪ ತಂತಿಗೆ ಹೊಲಿಗೆ ದಾರ ಸುತ್ತಿದರೆ ಗರಿ ಬಿದ್ದ ಬಳೆ ಗುರುತು ಬರುತ್ತದೆ, ಬುಡಕ್ಕೆ ಸ್ವಲ್ಪ ಹೆಚ್ಚು ಸುತ್ತಿದರೆ ಅಲ್ಲಿ ಊದುತ್ತದೆ. ತಲೆಯಲ್ಲಿದೆ ಕಷ್ಟ. ಒಳ್ಳೇ ಮರಕ್ಕೆ ಮೂವತ್ತು, ಮೂವತ್ತೈದು ಗರಿ. ಮೇಲಿನವು ನೆಟ್ಟಗೆ, ನಡುವಿನವು ಅಡ್ಡಕ್ಕೆ, ಕೆಳಗಿನವು ಜೋತು. ಕಾಗದ ಕತ್ತರಿಸಿ ಮಾಡಿದ್ದು ಕಾಗದದ ಹಾಗೇ ಕಾಣುತ್ತದೆ. ಕೋಳಿ ಗರಿಯನ್ನು ಕತ್ತರಿಯಲ್ಲಿ ಬಾಚಣಿಗೆಯಂತೆ ಸೀಳಿದರೆ ಮಾತ್ರ ಕುಲುಕಿದಾಗ ನಿಜದ ಗರಿ ಆಡಿದ ಹಾಗೆ ಆಡುತ್ತದೆ. ಕೆಳಗಿನ ಒಂದೆರಡಕ್ಕೆ ಸುಟ್ಟ ಬಣ್ಣ ಹಾಕಿ ಅಂದೆ; ಕಪ್ಪುತಲೆ ಹುಳ ತಿನ್ನದ ತೆಂಗು ನಮ್ಮ ಕಡೆ ಇದೆ ಅಂದರೆ ಯಾರು ನಂಬುತ್ತಾರೆ?

ಮೇಷ್ಟ್ರ ಮನೆಯಲ್ಲಿ ಮೊಟ್ಟೆ ಕೂಡ ಬರುವುದಿಲ್ಲ. ಅವರು ಬೇಲಿ ಹತ್ತಿರ ಬಂದು, ಹಿಂದೆ ಮುಂದೆ ನೋಡಿ, ದನಿ ತಗ್ಗಿಸಿ, ‘ಗೌಡ್ರೇ, ನಿಮ್ಮಲ್ಲಿ ಕೋಳಿ ಯಾವತ್ತು?’ ಅಂದರು.

‘ಭಾನುವಾರ ಬನ್ನಿ ಮೇಷ್ಟ್ರೇ, ಊಟಕ್ಕೇ ಬಂದ್ಬುಡಿ.’

‘ಅಯ್ಯೋ ಶಿವ, ಗರಿ ಸಾಕು. ತೊಳೆದು, ಪೇಪರಲ್ಲಿ ಸುತ್ತಿ ಕೊಡಿ. ನಮ್ಮಾಕೆ ಕೇಳಿದ್ರೆ ನವಿಲಿಂದು ಅನ್ನಿ.’