ಮೈಕಣ್ಣನ ಮೂವತ್ತು ಸೆಕೆಂಡು

ಮಾರ್ಕೋನಹಳ್ಳಿ ಸುತ್ತಮುತ್ತ ಯಾರದಾದರೂ ಹಸು ತಪ್ಪಿಸಿಕೊಂಡರೆ, ಯಾರಾದರೂ ತೀರಿಕೊಂಡರೆ, ಯಡಿಯೂರು ಕಡೆ ಎಲ್ಲಾದರೂ ನಾಟಕವಿದ್ದರೆ, ಮೊದಲು ಹೇಳಿ ಕಳಿಸುವುದು ಮೈಕಣ್ಣನಿಗೆ. ಅಪ್ಪ ಅಮ್ಮ ಇಟ್ಟ ಹೆಸರು ರೇಷನ್ ಕಾರ್ಡಿನಲ್ಲಿ ಮಾತ್ರ ಉಳಿದಿದೆ. ಒಂದು ಆಟೋ, ಅದರ ನೆತ್ತಿಯ ಮೇಲೆ ಆ ಕಡೆಗೊಂದು ಈ ಕಡೆಗೊಂದು ಬಾಯಿ ತೆರೆದ ಹಾರ್ನು, ಸೀಟಿನಡಿ ಹಳೇ ಅಹುಜಾ ಆಂಪ್ಲಿಫೈಯರ್, ಕೈಯಲ್ಲಿ ಕರ್ಚೀಫು ಸುತ್ತಿದ ಮೈಕು. ಇಂಥವನೊಬ್ಬ ನಮ್ಮ ಜಿಲ್ಲೆಯ ಪ್ರತಿ ಹೋಬಳಿಗೂ ಸಿಗುತ್ತಾನೆ. ಮನೆಯಲ್ಲಿ ಉಪ್ಪು ಕೇಳುವಾಗಲೂ "ಆದ್ದರಿಂದ ಈ ಮೂಲಕ" ಎಂದೇ ಶುರು. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಹಾಕಬಾರದೆಂಬ 2000ನೇ ಇಸವಿಯ ನಿಯಮ ಅವನಿಗೆ ಬಾಯಿಪಾಠ. ಆ ಎಂಟು ಗಂಟೆ ಮೈಕಿಲ್ಲದೆ ಮಾತಾಡುತ್ತಾನೆ.

ಇಂಥ ಮೈಕಣ್ಣನಿಗೆ ಕುಣಿಗಲ್ಲಿನ ಮೋಟಾರ್ ರಿವೈಂಡಿಂಗ್ ಅಂಗಡಿಯವನು ಒಂದು ಕೆಲಸ ಒಪ್ಪಿಸಿದ. ಬೇಸಿಗೆ ಬರುತ್ತಿದೆ, ಬೋರ್‌ವೆಲ್ ಮೋಟಾರುಗಳು ಸುಡುವ ಕಾಲ, ಬೆಂಗಳೂರಿನ ರೇಡಿಯೋದಲ್ಲಿ ಒಂದು ಜಾಹೀರಾತು ಹಾಕಿಸಬೇಕು, ಮಾತು ನೀನೇ ಬರೆದು ನೀನೇ ಹೇಳು. ಮೂವತ್ತು ಸೆಕೆಂಡು. ಮೈಕಣ್ಣ ಇದನ್ನು ವಿಧಿಲಿಖಿತವೆಂದೇ ತಿಳಿದ. ಊರ ಹೆಸರಲ್ಲೇ ಮಾರ್ಕೋನಿ ಕೂತಿರುವಾಗ ರೇಡಿಯೋ ನಮ್ಮನ್ನು ಬಿಟ್ಟೀತೇ ಅಂದ. ಊರಿಗೂ ಇಟಲಿಯ ಆ ಮನುಷ್ಯನಿಗೂ ಯಾವ ಸಂಬಂಧವೂ ಇಲ್ಲವೆಂದು ಶಾಲೆ ಮೇಷ್ಟ್ರು ಹೇಳಿದ್ದಕ್ಕೆ, "ಇಲ್ದಿದ್ರೆ ಏನಾಯ್ತು ಸಾ, ಈಗ ಬೆಳೆಸಾಣ" ಎಂದು ಉತ್ತರ. 1935ರಲ್ಲಿ ಪ್ರೊಫೆಸರ್ ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲೇ ಬಾನುಲಿ ಶುರು ಮಾಡಿದ ಕಥೆ ಎಲ್ಲೋ ಕೇಳಿದ್ದನಂತೆ. ಅವರು ಮನೆಯಲ್ಲಿ ಮಾಡಿದ್ದನ್ನು ತಾನು ಆಟೋದಲ್ಲಿ ಮಾಡಿಕೊಂಡು ಬಂದಿದ್ದೇನೆ, ವ್ಯತ್ಯಾಸ ಗಾಲಿಯದಷ್ಟೇ ಎಂಬುದು ಅವನ ನಂಬಿಕೆ.

ಸ್ಕ್ರಿಪ್ಟು ಒಂದೇ ರಾತ್ರಿಗೆ ಮುಗಿಯಿತು. ಆಮೇಲೆ ಶುರುವಾದದ್ದು ತಿದ್ದುಪಡಿ. ಮೈಕಣ್ಣನ ದೃಷ್ಟಿಯಲ್ಲಿ ಬಾಯಿಂದ ಅನ್ನ ತಿನ್ನುವ ಪ್ರತಿಯೊಬ್ಬನೂ ವೃತ್ತಿಬಾಂಧವ. ಡ್ಯಾಮ್ ರಸ್ತೆಯ ಟೀ ಅಂಗಡಿಯಲ್ಲಿ ಅವರನ್ನೆಲ್ಲ ಕೂರಿಸಿ, ತನ್ನದೇ ಲೆಕ್ಕದಲ್ಲಿ ಟೀ ಬನ್ನು ಕೊಡಿಸಿ, "ತಪ್ಪಿದ್ರೆ ಮುಲಾಜಿಲ್ದೆ ಹೇಳ್ಬೇಕು" ಅಂದ. ಹಾಗೆನ್ನುವವರನ್ನು ನೀವೂ ನೋಡಿರುತ್ತೀರಿ. ಹೇಳಿ ಮುಗಿಸಿ, ಹುಬ್ಬು ಏರಿಸಿ, "ಚೆನ್ನಾಗೈತೆ" ಎಂಬ ಮಾತು ಬರುವವರೆಗೂ ಉಸಿರು ಹಿಡಿದು ನಿಂತಿರುತ್ತಾರೆ.

ಟೀ ಹುಡುಗ ಮೊಬೈಲಿನಲ್ಲಿ ಸ್ಟಾಪ್‌ವಾಚ್ ಒತ್ತಿದ. "ಆತ್ಮೀಯ ರೈತಬಾಂಧವರೇ, ಮಾತೆಯರೇ, ಭಗಿನಿಯರೇ, ಯುವ ಮಿತ್ರರೇ, ಮುದ್ದು ಮಕ್ಕಳೇ" ಎಂದು ಕರೆದು ಮುಗಿಸುವಷ್ಟರಲ್ಲಿ 11 ಸೆಕೆಂಡು ಹೋಗಿತ್ತು. ಅಂಗಡಿಯ ಹೆಸರು ಮೂರು ಸಲ, ವಿಳಾಸ ಎರಡು ಸಲ, ಫೋನ್ ನಂಬರು ಎರಡು ಸಲ. ಹತ್ತಂಕಿ ನಂಬರನ್ನು ಬಿಡಿಸಿ ಓದಿದರೆ ಒಂದು ಸಲಕ್ಕೇ 6-7 ಸೆಕೆಂಡು ಬೇಕು. ಒಟ್ಟು ಒಂದು ನಿಮಿಷ ನಲವತ್ತು ಸೆಕೆಂಡು. "ಸ್ಪೀಡಾಗಿ ಓದ್ತೀನಿ ಬುಡು" ಅಂದ ಮೈಕಣ್ಣ.

ಅವನ ಕಡೆಯಿಂದಲೂ ಒಂದು ಮಾತು ಹೇಳಬೇಕು. ಆಟೋದಲ್ಲಿ ಕೂಗುವವನ ಕಸುಬು ಬೇರೆ. ಗಾಡಿ ಒಂದು ಮನೆ ದಾಟುವಷ್ಟರಲ್ಲಿ ಆ ಮನೆಯವರ ಕಿವಿಗೆ ಬೀಳುವುದು ಒಂದು ತುಂಡು ಮಾತು. ಯಾವ ತುಂಡು ಎಂದು ಕೂಗುವವನಿಗೂ ಗೊತ್ತಿರುವುದಿಲ್ಲ. ಹಾಗಾಗಿ ಪ್ರತಿ ತುಂಡಿನಲ್ಲೂ ಹೆಸರು ಬರಬೇಕು, ಊರು ಬರಬೇಕು, ದಿನ ಬರಬೇಕು. ರೇಡಿಯೋ ಕೇಳುವವಳು ರಾಗಿಮುದ್ದೆ ತೊಳಸುತ್ತ ಒಂದೇ ಕಡೆ ನಿಂತಿರುತ್ತಾಳೆ, ಮೊದಲಿಂದ ಕೊನೆವರೆಗೆ ಅವಳಿಗೆ ಕೇಳುತ್ತದೆ. ವಿವಿಧಭಾರತಿಯಲ್ಲಿ 1967ರ ನವೆಂಬರಿನಲ್ಲಿ ಜಾಹೀರಾತು ಶುರುವಾದಾಗಿನಿಂದ ಸೋಪು, ಹಲ್ಲುಪುಡಿ ಮಾರಿದವರು ಕಂಡುಕೊಂಡದ್ದು ಇದನ್ನೇ: ಇವತ್ತು ಒಂದೇ ಮಾತು ಹೇಳು, ನಾಳೆ ಮತ್ತೆ ಬಾ. ಮೈಕಣ್ಣನಿಗೆ ನಾಳೆಯ ಮೇಲೆ ಭರವಸೆಯಿಲ್ಲ. ನಾಳೆ ಅವನ ಆಟೋ ಅಮೃತೂರಿನಲ್ಲಿರುತ್ತದೆ.

ಮೊದಲು ಬಾಯಿ ತೆರೆದವರು ಹಾರ್ಮೋನಿಯಂ ಮೇಷ್ಟ್ರು. ಸುತ್ತಲ ಹಳ್ಳಿಗಳಿಗೆಲ್ಲ 'ಕುರುಕ್ಷೇತ್ರ' ಕಲಿಸುವವರು. "ರಸ ಇಲ್ವಲ್ಲಯ್ಯ. ಮೋಟ್ರು ಸುಟ್ಟಾಗ ಭಾನುಮತಿ ಅಳಬೇಕು, ರಿಪೇರಿಯಾದ್ಮೇಲೆ ದುರ್ಯೋಧನ ನಗಬೇಕು. ಆ ನಗು ನಾನೇ ಕೊಡ್ತೀನಿ." ಕೊಟ್ಟೂ ತೋರಿಸಿದರು. ಮುಂದಿನ ಬೆಂಚಿನ ಮಗು ಅಳಲು ಶುರು ಮಾಡಿತು. ಇದು ಜಾಸ್ತಿಯಾಯಿತೇನೋ ಎಂದು ನಾನು ಗೊಣಗಿದ್ದಕ್ಕೆ, ಇದೇ ಜಿಲ್ಲೆಯ ಗುಬ್ಬಿ ವೀರಣ್ಣನವರು ರಂಗದ ಮೇಲೆ ನಿಜವಾದ ಆನೆಯನ್ನೇ ತಂದಿದ್ದರು, ನೀವು ಒಂದು ನಗುವಿಗೆ ಲೆಕ್ಕ ಹಾಕ್ತೀರಲ್ಲ ಎಂದು ನನ್ನ ಬಾಯಿ ಮುಚ್ಚಿಸಿದರು.

ಫ್ಲೆಕ್ಸ್ ಪ್ರಿಂಟಿಂಗಿನವನಿಗೆ ಕೊರತೆ ಕಂಡದ್ದು ಕೊನೆಯಲ್ಲಿ. "ಶುಭ ಕೋರುವವರು ಎಲ್ಲವ್ರೆ?" ರೇಡಿಯೋದಲ್ಲಿ ಫೋಟೋ ಬರುವುದಿಲ್ಲವೆಂದರೆ, "ಹೆಸರು ಓದಣ್ಣ, ಮಖ ಜನ ನೆಪ್ಪು ಮಾಡ್ಕತಾರೆ" ಅಂದ. ಪಂಚಾಯಿತಿಯ ಹಾಲಿ ಸದಸ್ಯರು, ಮಾಜಿ ಸದಸ್ಯರು, ಮುಂದೆ ನಿಲ್ಲಲಿರುವವರು, ಎಲ್ಲರೂ ಮಾರ್ಜಿನ್ನಿನಲ್ಲಿ ಸೇರಿಕೊಂಡರು.

ಅಂಗಡಿಯವನಿಗೆ ಬೇಕಾದದ್ದು ಒಂದೇ, ಸುಟ್ಟ ಮೋಟಾರಿನ ಸದ್ದು. ಅದಕ್ಕೆ ಅವನ ಮೆಕ್ಯಾನಿಕ್ಕೇ ಅಡ್ಡ ಬಂದ. "ಸುಟ್ಟೋದ್ ಮೋಟ್ರು ಸದ್ದು ಮಾಡಾಕಿಲ್ಲ ಕಣಣ್ಣ. ಗುಂಯ್ ಅಂತ ನಿಂತ್ರೆ ಸಿಂಗಲ್ ಫೇಸ್‌ದು ಕೆಪಾಸಿಟರ್ ಹೋಗೈತೆ ಅಂತ. ತ್ರೀ ಫೇಸ್‌ನಾಗೆ ಒಂದು ಫೇಸ್ ಕೈಕೊಟ್ರೆ ಗುಂಯ್ಗುಟ್ಟಿ, ಬಿಸಿಯಾಗಿ, ಆಮೇಲೆ ವೈಂಡಿಂಗ್ ಸುಡೋದು. ಸುಟ್ಮೇಲೆ ವಾಸ್ನೆ ಬತ್ತದೆ, ಅಷ್ಟೆ." ವಾಸನೆಯನ್ನು ರೇಡಿಯೋದಲ್ಲಿ ತೋರಿಸುವುದು ಹೇಗೆಂದು ಸಭೆ ಬಹಳ ಹೊತ್ತು ಚರ್ಚಿಸಿತು. ಕೊನೆಗೆ ಗುಂಯ್ ಸದ್ದೇ ಇರಲಿ ಎಂದಾಗ ಮೇಷ್ಟ್ರು ಯಾವ ಶ್ರುತಿಯಲ್ಲಿ ಎಂದು ಕೇಳಿದರು.

ಮೂಲೆಯಲ್ಲಿ ಟೀ ಆರಿಸುತ್ತಿದ್ದವನು ಖಾಸಗಿ ಬಸ್ಸಿನ ಕಂಡಕ್ಟರ್. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದು ಹೆಂಗಸರೆಲ್ಲ ಸರ್ಕಾರಿ ಬಸ್ಸು ಹತ್ತಿದ ಮೇಲೆ, ಇರುವ ಗಂಡಸರನ್ನಾದರೂ ಹಿಡಿಯಲು ಮೊದಲಿಗಿಂತ ಜೋರಾಗಿ ಕೂಗುವವನು. "ಮೋಟ್ರು ಸುಡ್ತಾ? ಕುಣಿಗಲ್‌ಗೆ ತತ್ತಾ. ಸಂಜೆಗೆ ತಗಂಡೋಗು. ಅಂಗಡಿ ಹೆಸ್ರು. ರೈಟ್ ರೈಟ್" ಅಂದು ಎದ್ದು ಹೋದ. ಟೀ ಹುಡುಗ ಸ್ಟಾಪ್‌ವಾಚ್ ತೋರಿಸಿದ: 8 ಸೆಕೆಂಡು. ಆ ಸಭೆಯಲ್ಲಿ ಜಾಹೀರಾತು ಬರೆಯಲು ಗೊತ್ತಿದ್ದವನು ಅವನೊಬ್ಬನೇ ಎಂದು ನನ್ನ ಅಭಿಪ್ರಾಯ. ಮೈಕಣ್ಣ ಅವನ ಸಲಹೆಯನ್ನೂ ತೆಗೆದುಹಾಕಲಿಲ್ಲ, 'ರೈಟ್ ರೈಟ್' ಎಂಬುದನ್ನು ಕೊನೆಗೆ ಸೇರಿಸಿಕೊಂಡ. ಸೇರಿಸು ಎಂದರೆ ಅವನಿಗೆ ಆನೆಕಿವಿ. ತೆಗಿ ಎಂದರೆ ಅದೇ ಹೊತ್ತಿಗೆ ಆಟೋ ಸ್ಟಾರ್ಟ್ ಆಗಿಬಿಡುತ್ತದೆ.

ಬೆಂಗಳೂರಿನಲ್ಲಿ ಬೇರೆಯೇ ವೃತ್ತಿಬಾಂಧವರು ಕಾದಿದ್ದರು. ಆಕಾಶವಾಣಿಯ ಜಾಹೀರಾತಿಗೊಂದು ಸಂಹಿತೆಯಿದೆ. ಕೇಳುಗರನ್ನು ಬೆಚ್ಚಿಬೀಳಿಸುವ ಸದ್ದು ಇರಕೂಡದು. ಗುಂಡಿನ ಸದ್ದು, ಸೈರನ್ನು, ಬಾಂಬು, ಕಿರುಚಾಟಗಳ ಜೊತೆಗೆ ಕರ್ಕಶ ನಗುವೂ ಆ ಪಟ್ಟಿಯಲ್ಲಿದೆ. ದುರ್ಯೋಧನ ಅಲ್ಲೇ ಬಿದ್ದ. 'ಗ್ಯಾರಂಟಿ' ಎಂಬ ಮಾತು ಬರಬೇಕಾದರೆ ಅದರ ಪೂರ್ತಿ ಷರತ್ತುಗಳು ಆಕಾಶವಾಣಿ ಮಹಾನಿರ್ದೇಶಕರ ಪರಿಶೀಲನೆಗೆ ಸಿಗಬೇಕು, ಜಾಹೀರಾತಿನಲ್ಲೂ ಸ್ಪಷ್ಟವಾಗಿ ಹೇಳಿರಬೇಕು. "ಸರ್ಕಾರ ಐದೈದು ಗ್ಯಾರಂಟಿ ಕೊಟ್ಟೈತೆ, ನಮ್ಮ ಒಂದು ಮೋಟ್ರಿಗೆ ಡೆಲ್ಲಿ ತಂಕ ಹೋಗ್ಬೇಕಾ?" ಎಂಬ ಮೈಕಣ್ಣನ ಪ್ರಶ್ನೆಗೆ ಅಲ್ಲಿ ಉತ್ತರ ಸಿಗಲಿಲ್ಲ.

ರೆಕಾರ್ಡಿಂಗಿನಲ್ಲಿ ಅವನು ಮೊದಲ 'ಆತ್ಮೀಯ'ಕ್ಕೇ ಮೀಟರಿನ ಮುಳ್ಳನ್ನು ಕೆಂಪಿಗೆ ಒಯ್ದು ನಿಲ್ಲಿಸಿದ. ಸ್ವಲ್ಪ ಹಿಂದೆ ಸರೀರಿ ಅಂದರು, ಸರಿದ. ಇನ್ನೂ ಸ್ವಲ್ಪ ಅಂದರು. ಬಾಗಿಲಾಚೆ ಹೋಗಿ ನಿಂತ ಮೇಲೂ ಮುಳ್ಳು ಇಳಿಯಲಿಲ್ಲ. ಕೊನೆಗೆ ಒಬ್ಬ ಹುಡುಗಿ ತಣ್ಣಗಿನ ದನಿಯಲ್ಲಿ ಕಂಡಕ್ಟರ್ ಹೇಳಿದ್ದಷ್ಟನ್ನೇ, ಹೆಚ್ಚುಕಡಿಮೆ ಅದೇ ಮಾತಲ್ಲಿ, ಹೇಳಿದಳು. 'ರೈಟ್ ರೈಟ್' ಕೂಡ ಉಳಿಯಲಿಲ್ಲ.

ಮೈಕಣ್ಣ ಮುನಿಸಿಕೊಂಡನೆಂದು ನೀವು ತಿಳಿದಿದ್ದರೆ ಅವನ ಪರಿಚಯ ನಿಮಗಾಗಿಲ್ಲ. ಆ ಜಾಹೀರಾತನ್ನು ಮೊಬೈಲಿಗೆ ಇಳಿಸಿಕೊಂಡು, ಈಗ ದಿನವೂ ಆಟೋದಲ್ಲಿ ಹಾಕಿಕೊಂಡು ಬರುತ್ತಾನೆ. ಅದು ಮುಗಿದ ಕೂಡಲೇ, "ಮಹಾಜನರೇ, ಈಗ ತಾವು ಕೇಳಿದ್ದು ಸಂಕ್ಷಿಪ್ತ ರೂಪ" ಎಂದು ಮೈಕು ಹಿಡಿಯುತ್ತಾನೆ. ಮಾತೆಯರು, ಭಗಿನಿಯರು, ಭಾನುಮತಿ, ಶುಭ ಕೋರುವವರು, ಐದು ಸಲ ಗ್ಯಾರಂಟಿ, ಕೊನೆಗೆ ಮೇಷ್ಟ್ರ ನಗು. ಸಂಹಿತೆ ಆಟೋಗೆ ಅನ್ವಯಿಸುವುದಿಲ್ಲ. ಒಂದು ಸುತ್ತಿಗೆ ಇಪ್ಪತ್ತು ನಿಮಿಷ.

ಊರಿನವರ ದೂರು ಕೇಳಿ ಕೇಳಿ ಸಾಕಾದ ಅಂಗಡಿಯವನು ಮೊನ್ನೆ ಫೋನು ಮಾಡಿ, "ಮೈಕಣ್ಣ, ಸ್ವಲ್ಪ ಕಮ್ಮಿ ಮಾಡಪ್ಪ" ಅಂದ. ಮೈಕಣ್ಣ ಸೀಟಿನಡಿ ಕೈ ಹಾಕಿ ವಾಲ್ಯೂಮ್ ಒಂದು ಹಲ್ಲು ಇಳಿಸಿದ.