ಮೂರು ಲಕ್ಷದ ಮೈಕು, ಮೂರನೇ ಸೀಟಿ

ಅಗ್ಗದ ಮೈಕಿನಲ್ಲಿ 'ಸೀರಿಯಸ್' ರೆಕಾರ್ಡಿಂಗ್ ಆಗುವುದಿಲ್ಲವಂತೆ. ಹೀಗೆ ಅಪ್ಪಣೆ ಕೊಡಿಸುವ ಮಹಾಶಯರು ಹಾಡು ಕೇಳುವುದು ಯಾವುದರಲ್ಲಿ? ಫೋನಿನ ಸ್ಪೀಕರಿನಲ್ಲಿ. ಅದೂ ಬಸ್ಸಿನಲ್ಲಿ. ಅದೂ ಅಕ್ಕಪಕ್ಕದವರೆಲ್ಲ ಪಾಲುದಾರರಾಗಲಿ ಎಂಬ ಧಾರಾಳದಿಂದ.

ಹದಿನೈದು-ಇಪ್ಪತ್ತು ಸಾವಿರದ ಮೈಕು ಇವರ ಕಿವಿಗೆ ಹಿಡಿಸುವುದಿಲ್ಲ. ಅದರಲ್ಲಿ 'ಬಾಡಿ' ಇಲ್ಲವಂತೆ. 'ಏರ್' ಇಲ್ಲವಂತೆ. ಹಾಡುವವನಿಗೆ ಶ್ರುತಿ ಇಲ್ಲ ಎಂಬುದನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅದನ್ನು ಆಟೋಟ್ಯೂನ್ ಎಂಬ ತಂತ್ರಾಂಶ ನೋಡಿಕೊಳ್ಳುತ್ತದೆ. 1997ರಿಂದ ನೋಡಿಕೊಳ್ಳುತ್ತಲೇ ಇದೆ, ಪಾಪ.

ಲೆಕ್ಕ ಬೇಕೇ? ತಗೊಳ್ಳಿ. ಸ್ಟುಡಿಯೋದವರು ಕೈಮುಗಿದು ಹೆಸರೆತ್ತುವ ಮೈಕು ನ್ಯೂಮನ್ ಯು87. 1967ರಿಂದ ಇದೆ. ಇಂದು ಮೂರು ಲಕ್ಷದ ಆಸುಪಾಸು. ಎದುರಿಗೆ ಯಾರೂ ಉಸಿರೆತ್ತದಿದ್ದರೂ ಮೈಕು ತಾನಾಗಿ ಒಂದಿಷ್ಟು ಸದ್ದು ಮಾಡುತ್ತದೆ. ಈಗಿನ ಯು87ರಲ್ಲಿ ಅದು 12 ಡೆಸಿಬಲ್. ಅದರ ಹತ್ತನೇ ಒಂದು ಪಾಲೂ ಬೆಲೆಯಿಲ್ಲದ ರೋಡ್ ಎನ್‌ಟಿ1-ಎ ಮೈಕಿನಲ್ಲಿ 5. ಎರಡೂ ತಯಾರಕರೇ ಅಚ್ಚುಹಾಕಿಸಿದ ಅಂಕಿಗಳು. ಯು87 ಕೆಟ್ಟದ್ದೇ? ಖಂಡಿತ ಅಲ್ಲ, ಸೊಗಸಾದ ಮೈಕು. ಆದರೆ ಅಗ್ಗದ್ದು ಗೊರಗೊರ ಅನ್ನುತ್ತದೆ ಎಂಬ ಪುರಾಣವನ್ನು ಇನ್ನಾದರೂ ಮಡಚಿಡಿ.

ಇನ್ನು ಮೈಕಿನ ದನಿಯನ್ನು ಹಿಗ್ಗಿಸುವ ಪ್ರಿಆಂಪು. ಇದರಲ್ಲಿ ಸದ್ದು ಇಂತಿಷ್ಟಕ್ಕಿಂತ ತಗ್ಗಲು ಸಾಧ್ಯವೇ ಇಲ್ಲ ಎಂದು ಭೌತಶಾಸ್ತ್ರ ಎಳೆದ ಗೆರೆ ಸುಮಾರು ಮೈನಸ್ 131 ಡೆಸಿಬಲ್. ಮೈಕನ್ನು ಕಂಪ್ಯೂಟರಿಗೆ ಜೋಡಿಸಲು ಹುಡುಗರೆಲ್ಲ ಮೇಜಿನ ಮೇಲಿಟ್ಟುಕೊಳ್ಳುವ ಕೆಂಪು ಡಬ್ಬಿ, ಸ್ಕಾರ್ಲೆಟ್ 2ಐ2, ಅದರ ಮೂರನೇ ತಲೆಮಾರೇ ಮೈನಸ್ 128 ಮುಟ್ಟಿಯಾಗಿದೆ. ಉಳಿದ ಮೂರು ಡೆಸಿಬಲ್‌ಗೆ ಲಕ್ಷ ಸುರಿಯಲು ಜನ ಸಿದ್ಧ. ಸೀಲಿಂಗ್ ಫ್ಯಾನ್ ಆರಿಸಿ ಅಂದರೆ ಮಾತ್ರ ಸೆಕೆಯಂತೆ.

192 ಕಿಲೋಹರ್ಟ್ಜ್‌ ಸ್ಯಾಂಪ್ಲಿಂಗಿನಲ್ಲಿ, ಅಂದರೆ ಅದರ ಅರ್ಧದಷ್ಟು ಎತ್ತರದ ಸ್ವರದವರೆಗೂ ಹಿಡಿಯುವಂತೆ, ರೆಕಾರ್ಡ್ ಮಾಡುವವರೂ ಇದ್ದಾರೆ. ಮನುಷ್ಯನ ಕಿವಿ 20 ಕಿಲೋಹರ್ಟ್ಜ್‌ಗೇ ಕೈಚೆಲ್ಲುತ್ತದೆ. ನಲವತ್ತು ದಾಟಿದವರಿಗೆ ಅಷ್ಟೂ ಇಲ್ಲ. ಮಿಕ್ಕಿದ್ದೆಲ್ಲ ಬಾವಲಿಗಳ ಸೇವಾರ್ಥ. ಇಷ್ಟೆಲ್ಲ ಆದಮೇಲೆ ಹಾಡು ಹೋಗಿ ಬೀಳುವುದು ವಾಟ್ಸಾಪ್ ಸ್ಟೇಟಸ್ಸಿಗೆ. ಅಲ್ಲಿ ಅದನ್ನು ಹಿಂಡಿ ಹಿಪ್ಪೆ ಮಾಡುತ್ತಾರೆ. ಬಾವಲಿಗಳು ಸ್ಟೇಟಸ್ ನೋಡುತ್ತವೆಯೇ?

1902ರ ನವೆಂಬರಿನಲ್ಲಿ ಗಾಯಕಿ ಗೌಹರ್ ಜಾನ್ ಕಲ್ಕತ್ತದಲ್ಲಿ ಗ್ರಾಮಫೋನ್ ತಟ್ಟೆಗಾಗಿ ಹಾಡಿದ್ದು ಒಂದು ತುತ್ತೂರಿಯೊಳಕ್ಕೆ. ಮೈಕು ಕೆಟ್ಟದ್ದಿತ್ತು ಎಂದಲ್ಲ, ಮೈಕೇ ಇರಲಿಲ್ಲ. ಮೈಕಿನ ಮುಂದೆ ಹಾಡಿ ತಟ್ಟೆ ತೆಗೆಯುವ ಕಾಲ ಬಂದದ್ದು 1925ರಲ್ಲಿ. ಆಕೆ ಸುಮಾರು ಮೂರು ನಿಮಿಷದಲ್ಲಿ ರಾಗ ಬಿಡಿಸಿ, ಮುಗಿಸಿ, ಕೊನೆಗೆ ತನ್ನ ಹೆಸರನ್ನೂ ಕೂಗಿ ಹೇಳಿದಳು. ಮುಂದೆ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಅಲ್ಲೇ ತೀರಿಕೊಂಡಳು. ಆ ತಟ್ಟೆಗಳನ್ನು ಜನ ಇಂದಿಗೂ ಹುಡುಕಿ ಕೇಳುತ್ತಾರೆ. ನಮ್ಮ ಗಾಯಕ ಮಹಾಶಯನ 'ಕವರ್ ಸಾಂಗ್' ಅನ್ನು ಅವನ ಮಾವನೂ ಪೂರ್ತಿ ಕೇಳಿಲ್ಲ.

ಹಳೇ ಕಾಲದ ಮಾತು ಬೇಡವೇ? ಅಮೆರಿಕದ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ 1982ರ ಜನವರಿಯಲ್ಲಿ ನ್ಯೂಜೆರ್ಸಿಯ ಬಾಡಿಗೆ ಮನೆಯ ಮಲಗುವ ಕೋಣೆಯಲ್ಲಿ ಕೂತ. ನಾಲ್ಕು ಟ್ರ್ಯಾಕಿನ ಕ್ಯಾಸೆಟ್ ರೆಕಾರ್ಡರು, ಎರಡು ಶೂರ್ ಎಸ್‌ಎಂ57 ಮೈಕು. ಅದು ಬರೀ ಮಾದರಿ, ಅಸಲಿ ಕೆಲಸ ಸ್ಟುಡಿಯೋದಲ್ಲಿ ಎಂದೇ ಲೆಕ್ಕ ಹಾಕಿದ್ದ. ಸ್ಟುಡಿಯೋಗೂ ಹೋದ. ತಂಡ ಕಟ್ಟಿಕೊಂಡು ಅದೇ ಹಾಡುಗಳನ್ನು ಮತ್ತೆ ಹಾಡಿದ. ಸಪ್ಪೆಯಾದವು. ಕೊನೆಗೆ ಡಬ್ಬಿಯೂ ಇಲ್ಲದೆ ಜೇಬಿನಲ್ಲಿ ಅಲೆಯುತ್ತಿದ್ದ ಆ ಕ್ಯಾಸೆಟ್ಟೇ 'ನೆಬ್ರಾಸ್ಕಾ' ಎಂಬ ಆಲ್ಬಂ ಆಯಿತು. ಗಾಯಕಿ ಬಿಲ್ಲಿ ಐಲಿಷ್‌ಳ ಮೊದಲ ಆಲ್ಬಂ ಅಣ್ಣನ ಮಲಗುವ ಕೋಣೆಯಲ್ಲಿ ತಯಾರಾಗಿ 2020ರಲ್ಲಿ ಗ್ರಾಮಿ ಬಾಚಿಕೊಂಡಿತು. ನಮ್ಮವರಿಗೂ ಮಲಗುವ ಕೋಣೆಗಳಿವೆ. ಮಲಗಲು ಬಳಸುತ್ತಾರೆ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅವಳಾದರೂ ಕುಣಿಯಲು ಎದ್ದು ನಿಂತಿದ್ದಳು. ಇವರು ನೆಲ ನೋಡಲು ತಜ್ಞರನ್ನು ಕರೆಸುತ್ತಾರೆ.

ಆ ತಜ್ಞರೋ, ಯೂಟ್ಯೂಬಿನಲ್ಲಿದ್ದಾರೆ. ಹೋದ ತಿಂಗಳು ಒಂದು ಮೈಕು 'ಗೇಮ್ ಚೇಂಜರ್'. ಈ ತಿಂಗಳು ಅದು 'ಬಿಗಿನರ್'ಗಳಿಗೆ ಸಾಕು. ಮುಂದಿನ ತಿಂಗಳು ಅದನ್ನು ಇಟ್ಟುಕೊಂಡವನೇ ಅಪರಾಧಿ. ಕೊಳ್ಳುವ ಲಿಂಕು ಕೆಳಗಿದೆ, ಕಮಿಷನ್ ಅವರಿಗಿದೆ. ಎರಡು ಮೈಕುಗಳ ನಡುವಿನ ಅತಿಸೂಕ್ಷ್ಮ ವ್ಯತ್ಯಾಸವನ್ನು ಹಿಂಡಿದ ವೀಡಿಯೊದಲ್ಲಿ, ಬ್ಲೂಟೂತ್ ಇಯರ್‌ಫೋನಿನಲ್ಲಿ, ಮೆಟ್ರೋದಲ್ಲಿ ನಿಂತು ಪತ್ತೆಹಚ್ಚುವ ಭಕ್ತಾದಿಗಳೂ ಇದ್ದಾರೆ. ಅಂಥ ಕಿವಿ ದೇವರು ನಮಗೆ ಕೊಡಲಿಲ್ಲ.

ಕೋಣೆಯ ಮಾತೆತ್ತಿ ನೋಡಿ, ಎಲ್ಲರೂ ಕಿವುಡರು. ಹತ್ತಡಿಗೆ ಹತ್ತಡಿ. ನಾಲ್ಕು ಬೋಳು ಗೋಡೆ. ಕೆಳಗೆ ಮುಖ ಕಾಣುವ ಟೈಲ್ಸು. ಬಾಯಿಂದ ಹೊರಟ ಸ್ವರ ಮೈಕು ಸೇರಿದ ಕೆಲವೇ ಮಿಲಿಸೆಕೆಂಡಿಗೆ ಅದೇ ಸ್ವರ ಗೋಡೆಗೆ ಬಡಿದು ವಾಪಸು ಬರುತ್ತದೆ. ಎರಡೂ ಒಂದರ ಮೇಲೊಂದು ಬಿದ್ದು ಕೆಲವು ಕಂಪನಗಳು ಉಬ್ಬುತ್ತವೆ, ಕೆಲವು ಸತ್ತೇ ಹೋಗುತ್ತವೆ. ಮೈಕು ಎಷ್ಟು ದುಬಾರಿಯೋ ಅಷ್ಟು ನಿಷ್ಠೆಯಿಂದ ಈ ಅವಾಂತರವನ್ನು ಹಿಡಿದುಕೊಡುತ್ತದೆ. ಜೊತೆಗೆ ಬೋರ್‌ವೆಲ್ ಮೋಟರು. ಎದುರು ಸೈಟಿನ ಸೆಂಟ್ರಿಂಗ್ ಬಡಿತ. ಅಡುಗೆಮನೆಯ ಕುಕ್ಕರಿನ ಮೂರನೇ ಸೀಟಿ. ಮೂರು ಲಕ್ಷ ಕೊಟ್ಟಿದ್ದಕ್ಕೆ ಸೀಟಿಯಾದರೂ ಸ್ಪಷ್ಟವಾಗಿ ಬರುತ್ತದೆ.

ಇದಕ್ಕೆ ಮದ್ದಿಲ್ಲವೇ? ಇದೆ. ಬೆನ್ನ ಹಿಂದೆ ಅಜ್ಜಿಯ ಎರಡು ಕೌದಿ ನೇತುಹಾಕಿ. ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದಿಡಿ. ಮೈಕಿನಿಂದ ಒಂದು ಗೇಣು ದೂರದಲ್ಲಿ ನಿಂತು ಹಾಡಿ. ದೂರ ಇಮ್ಮಡಿಯಾದರೆ ನೇರ ದನಿ 6 ಡೆಸಿಬಲ್ ಕುಸಿಯುತ್ತದೆ, ಕೋಣೆಯ ಗದ್ದಲ ಮಾತ್ರ ಇದ್ದಷ್ಟೇ ಇರುತ್ತದೆ. ಹಾಗಾಗಿ ಹತ್ತಿರ ಬನ್ನಿ, ಅಷ್ಟೇ. ಬಿಡಿಗಾಸು ಖರ್ಚಿಲ್ಲ. ಬಂದ ತೊಂದರೆಯೇ ಅದು. ಕೌದಿಯನ್ನು ಅನ್‌ಬಾಕ್ಸ್ ಮಾಡಲಾಗದು. ಅದಕ್ಕೇ ಗೋಡೆ ತುಂಬ ಮೊಟ್ಟೆ ಟ್ರೇ ಅಂಟಿಸುತ್ತಾರೆ. ಆ ತೆಳು ರಟ್ಟು ತಗ್ಗಿನ ಸ್ವರವನ್ನೂ ನುಂಗದು, ರಸ್ತೆಯ ಸದ್ದನ್ನೂ ತಡೆಯದು. ಹಲ್ಲಿಗಳಿಗೆ ಮಾತ್ರ ಬಾಡಿಗೆಯಿಲ್ಲದ ಅಪಾರ್ಟ್‌ಮೆಂಟು.

ಹಾಗಂತ ಅಗ್ಗದ್ದೆಲ್ಲ ಅಮೃತವಲ್ಲ. ಸಾವಿರ ರೂಪಾಯಿಯ ಬಿಎಂ-800 ಮೈಕಿನ ಡಬ್ಬದ ಮೇಲೂ 'ಸ್ಟುಡಿಯೋ' ಎಂದು ಬರೆದಿರುತ್ತದೆ. ಬರೆಯಲು ಖರ್ಚೇನು? ನಕಲಿ ಶೂರ್ ಎಸ್‌ಎಂ58ಗಳ ಹಾವಳಿಯಂತೂ ಜಗತ್ತಿಗೇ ಗೊತ್ತು. ಹತ್ತು ಸಾವಿರದ ಮೈಕು ಎರಡು ಸಾವಿರಕ್ಕೆ ಸಿಕ್ಕಿತೆಂದು ಬೀಗುವವನೇ ಆಮೇಲೆ 'ಬಜೆಟ್ ಮೈಕುಗಳು ದಂಡ' ಎಂದು ಸಾಕ್ಷಿ ನುಡಿಯುತ್ತಾನೆ. ಇನ್ನು ಯಕ್ಷಗಾನದ ಹಿಮ್ಮೇಳ ಪೂರ್ತಿ ಕೂತಿರುವಾಗ, ಭಾಗವತರು, ಮದ್ದಳೆ, ಕಿವಿಗಡಚಿಕ್ಕುವ ಚಂಡೆ, ಅಷ್ಟನ್ನೂ ಎರಡು ತೂತಿನ ಡಬ್ಬಿಗೆ ತುರುಕಲು ಹೋದರೆ ಮಣ್ಣು ತಿನ್ನುತ್ತೀರಿ. ಹೆಚ್ಚು ಮೈಕು ಬೇಕು, ಹೆಚ್ಚು ಚಾನಲ್ ಬೇಕು, ದುಡ್ಡೂ ಬೇಕು. ಒಪ್ಪಿದೆ. ಆದರೆ ಅಗ್ಗವನ್ನು ಬೈಯುವವರಲ್ಲಿ ಎಷ್ಟು ಜನ ಚಂಡೆಯವರು? ಒಬ್ಬ ಗಾಯಕ, ಒಂದು ಗಿಟಾರು, ಹಾಡು ಇನ್ನೂ ಅರ್ಧ.

ನನಗೆ ಗೊತ್ತಿರುವ ಒಬ್ಬ ಪುಣ್ಯಾತ್ಮನ ರೆಕಾರ್ಡಿಂಗಿನಲ್ಲಿ ಸದಾ ಒಂದು ಗುಂಯ್. ಮೈಕು ಬದಲಾಯಿತು, ಗುಂಯ್ ಉಳಿಯಿತು. ಕೇಬಲ್ಲು ಬದಲಾಯಿತು, ಗುಂಯ್ ಉಳಿಯಿತು. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತರೆ ಮಾತ್ರ ನಿಲ್ಲುತ್ತಿತ್ತು. ಎಲೆಕ್ಟ್ರಿಷಿಯನ್ ಬಂದು ಸಾಕೆಟ್ ಬಿಚ್ಚಿದ. ಮೂರನೇ ತೂತಿನ ಹಿಂದೆ ತಂತಿಯೇ ಇಲ್ಲ. ಮನೆ ಕಟ್ಟಿದವನು ಅರ್ತಿಂಗ್ ಎಳೆಯದೆ ಬರೀ ತೂತು ಕೊಟ್ಟು ಹೋಗಿದ್ದ. ಎಳೆದುಕೊಡಲು ಆರುನೂರು ರೂಪಾಯಿ ಆಗುತ್ತದೆ ಅಂದ.

ಪುಣ್ಯಾತ್ಮ ನನ್ನ ಕಡೆ ತಿರುಗಿ, 'ಆರುನೂರು ರೂಪಾಯಿಯಲ್ಲಿ ಏನು ಕ್ವಾಲಿಟಿ ಬರುತ್ತೆ ಹೇಳಿ?' ಎಂದು ಕೇಳಿದ. ಆ ವಾರವೇ ತೊಂಬತ್ತು ಸಾವಿರದ ವಾಲ್ವ್ ಪ್ರಿಆಂಪ್ ಬಂತು. ಪೂಜೆಯೂ ಆಯಿತು, ಕುಂಕುಮ ಇನ್ನೂ ಅದರ ಹಣೆಯಲ್ಲಿದೆ. ಗುಂಯ್ ಎಲ್ಲೂ ಹೋಗಿಲ್ಲ. ಈಗ ಅದನ್ನು ಬಂದವರಿಗೆಲ್ಲ ಕೇಳಿಸುತ್ತಾನೆ. ಅನಲಾಗ್ ವಾರ್ಮ್ತ್ ಅಂತೆ.